ಹೊಸ ಟ್ಯಾಂಕಿನಲ್ಲಿ ಮೀನು ಒಂದೊಂದೇ ಸಾಯುತ್ತಿವೆ, ಔಷಧಿ ಹಾಕಬೇಕಾ ಬೇಡವಾ?

ಹೊಸನೀರು (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ನಾನು ವಿಜಯನಗರದ ಕಡೆಯವನು. ಮಗಳು ಮೀನು ಬೇಕು ಅಂತ ತುಂಬಾ ದಿನದಿಂದ ಕೇಳುತ್ತಿದ್ದಳು, ಅವಳ ಹುಟ್ಟುಹಬ್ಬಕ್ಕೆ ಅಂತ ಟ್ಯಾಂಕ್ ತಂದೆವು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಒಳಗೆ ಅಂಟಿಸುವ ಚಿಕ್ಕ ಫಿಲ್ಟರ್, ಲೈಟು, ಬಣ್ಣದ ಕಲ್ಲು ಎಲ್ಲಾ ಸೆಟ್ಟಾಗಿ ಕೊಟ್ಟರು. ನೀರು ತುಂಬಿಸಿ ಆಂಟಿ ಕ್ಲೋರಿನ್ ಹಾಕಿ, ಸಂಜೆನೇ ಮೀನು ಬಿಡಬಹುದು ಎಂದರು ಅಂಗಡಿಯವರು. ಬಿಟ್ಟಿದ್ದು ಎರಡು ಗೋಲ್ಡ್‌ಫಿಶ್, ಆರು ನಿಯಾನ್ ಟೆಟ್ರಾ, ನಾಲ್ಕು ಗಪ್ಪಿ, ಗಾಜು ಕ್ಲೀನ್ ಮಾಡುತ್ತೆ ಅಂತ ಒಂದು ಸಕ್ಕರ್.

ಮೊದಮೊದಲು ಎಲ್ಲಾ ಚೆನ್ನಾಗೇ ಇತ್ತು. ಆಮೇಲೆ ನೀರು ಮಬ್ಬಾಗಿ ಬೆಳ್ಳಗಾಯಿತು. ನಿಯಾನ್‌ಗಳ ಕೆಂಪು ಪಟ್ಟಿ ಮಾಸುತ್ತಾ ಬಂತು. ಮೂಲೆಯಲ್ಲಿ ರೆಕ್ಕೆ ಮುದುರಿಕೊಂಡು ನಿಲ್ಲುತ್ತವೆ, ಬೆಳಗ್ಗೆ ಎದ್ದು ನೋಡಿದರೆ ಒಂದು ಕೆಳಗೆ ಬಿದ್ದಿರುತ್ತೆ. ಈಗ ಉಳಿದಿರುವುದು ಎರಡೇ ನಿಯಾನ್. ಗೋಲ್ಡ್‌ಫಿಶ್ ಎರಡೂ ಫಿಲ್ಟರಿನಿಂದ ನೀರು ಬೀಳುವ ಜಾಗದಲ್ಲೇ ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿವೆ. ಗಪ್ಪಿ ಪರವಾಗಿಲ್ಲ, ಆದರೆ ಬಾಲ ಬಿಚ್ಚುತ್ತಿಲ್ಲ.

ಅಂಗಡಿಗೆ ಹೋಗಿ ಹೇಳಿದೆ. ಫಂಗಸ್ ಇರಬೇಕು ಎಂದು ಒಂದು ನೀಲಿ ಔಷಧಿ ಕೊಟ್ಟರು. ಪೂರ್ತಿ ನೀರು ಚೆಲ್ಲಿ, ಕಲ್ಲು, ಫಿಲ್ಟರ್ ಎಲ್ಲಾ ನಲ್ಲಿ ಕೆಳಗೆ ತೊಳೆದು ಹೊಸ ನೀರು ತುಂಬಿ ಅಂತಲೂ ಹೇಳಿದರು. ತೊಳೆದು ತುಂಬಿದ್ದಾಯಿತು, ಮರುದಿನ ಇನ್ನೊಂದು ನಿಯಾನ್ ಹೋಯಿತು. ಔಷಧಿ ಮಾತ್ರ ಇನ್ನೂ ಹಾಕಿಲ್ಲ. ತೊಳೆದ ದಿನ ನಮ್ಮ ಮನೆಯ ನೀರಿನ ಸಂಪಿಗೆ ಕಾವೇರಿ ನೀರು ಬಂದಿತ್ತು, ಉಳಿದ ದಿನ ಬೋರ್, ಬೇಸಿಗೆಯಲ್ಲಿ ಟ್ಯಾಂಕರ್. ಎಲ್ಲಾ ಬೆರೆತಿರುತ್ತೆ. ಔಷಧಿ ಹಾಕಲಾ? ಬೇರೆ ಏನಾದರೂ ಮಾಡಬೇಕಾ? ಉಳಿದವನ್ನಾದರೂ ಉಳಿಸಿಕೊಳ್ಳಬೇಕು, ದಯವಿಟ್ಟು ಗೊತ್ತಿದ್ದವರು ಹೇಳಿ.

ಭದ್ರಾನಾಲೆ (ದಾವಣಗೆರೆ)

ಔಷಧಿ ಹಾಕಬೇಡಿ ಸರ್. ಬಾಟಲಿ ಎತ್ತಿಡಿ. ನೀವು ಬರೆದಿರುವ ಲಕ್ಷಣ ನೋಡಿದರೆ ಮೀನಿಗೆ ರೋಗ ಬಂದಿರುವ ಹಾಗೆ ಕಾಣುತ್ತಿಲ್ಲ. ನೀರಿನಲ್ಲಿ ಅಮೋನಿಯ ಏರಿದೆ. ಹೊಸ ಟ್ಯಾಂಕಿನಲ್ಲಿ ಒಂದೇ ದಿನಕ್ಕೆ ಇಷ್ಟು ಮೀನು ಬಿಟ್ಟರೆ ಹೀಗೆ ಆಗಲೇಬೇಕು.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇದೊಂದು ಅರ್ಥವಾದರೆ ಉಳಿದಿದ್ದೆಲ್ಲಾ ಸುಲಭ. ಮೀನು ತಿಂದಿದ್ದರಲ್ಲಿ ಬೇಡದ್ದು ಹೆಚ್ಚಿನಂಶ ಅಮೋನಿಯ ಆಗಿ ಕಿವಿರಿನ ಮೂಲಕವೇ ನೀರಿಗೆ ಸೇರುತ್ತೆ. ಹಿಕ್ಕೆ, ತಿನ್ನದೆ ಬಿದ್ದ ಫುಡ್, ಸತ್ತ ಮೀನು ಕೊಳೆತರೂ ಅದೇ. ಕೆರೆಯಲ್ಲಿ ನೀರು ಅಪಾರ, ಮೀನು ಕಡಿಮೆ, ಅದಕ್ಕೆ ಗೊತ್ತಾಗಲ್ಲ. ನಿಮ್ಮ ಟ್ಯಾಂಕಿನಲ್ಲಿ ಕಲ್ಲು ಎಲ್ಲಾ ಕಳೆದರೆ ಸುಮಾರು 50 ಲೀಟರ್ ನೀರು ಇರುತ್ತೆ ಅಷ್ಟೇ. ಆ ಅಮೋನಿಯ ಮೀನಿನ ಕಿವಿರನ್ನೇ ಸುಡುತ್ತೆ. ಮೇಲೆ ಬಂದು ಬಾಯಿ ಬಿಡುವುದು, ರೆಕ್ಕೆ ಮುದುರುವುದು, ಬಣ್ಣ ಮಾಸುವುದು ಅದಕ್ಕೇ.

ಹಳೆ ಟ್ಯಾಂಕಿನಲ್ಲಿ ಈ ಅಮೋನಿಯವನ್ನು ಬ್ಯಾಕ್ಟೀರಿಯಾ ತಿಂದು ಮುಗಿಸುತ್ತವೆ. ಒಂದು ಗುಂಪು ಅಮೋನಿಯವನ್ನು ನೈಟ್ರೈಟ್ ಮಾಡುತ್ತೆ. ಇದೂ ವಿಷವೇ, ರಕ್ತದಲ್ಲಿ ಸೇರಿ ಆಮ್ಲಜನಕ ಹೊರುವ ಶಕ್ತಿ ಕಡಿಮೆ ಮಾಡುತ್ತೆ, ಜಾಸ್ತಿಯಾದರೆ ಮೀನಿನ ರಕ್ತ ಕಂದು ಬಣ್ಣಕ್ಕೆ ತಿರುಗುತ್ತೆ. ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತೆ. ನೈಟ್ರೇಟಿನಿಂದ ತಕ್ಷಣಕ್ಕೆ ಅಪಾಯ ಇಲ್ಲ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಹತೋಟಿಯಲ್ಲಿ ಇರುತ್ತೆ. ಈ ಬ್ಯಾಕ್ಟೀರಿಯಾ ನೀರಿನಲ್ಲಿ ತೇಲಾಡಿಕೊಂಡು ಇರುವುದು ಬಹಳ ಕಡಿಮೆ. ಫಿಲ್ಟರಿನ ಸ್ಪಾಂಜು, ಕಲ್ಲು, ಗಾಜಿಗೆ ಅಂಟಿಕೊಂಡು ಬೆಳೆಯುತ್ತವೆ, ತುಂಬಾ ನಿಧಾನ. ಪೂರ್ತಿ ಬೆಳೆಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಟ್ಯಾಂಕ್ ಸೈಕಲ್ ಆಗಬೇಕು ಅಂತ ಎಲ್ಲರೂ ಹೇಳುವುದು ಇದನ್ನೇ.

ಹಾಗಾದ್ರೆ ನಲ್ಲಿ ಕೆಳಗೆ ಫಿಲ್ಟರ್ ತೊಳೆದಾಗ ಏನಾಯಿತು ಅಂದರೆ, ಆಗಷ್ಟೇ ಹುಟ್ಟಿಕೊಂಡಿದ್ದ ಬ್ಯಾಕ್ಟೀರಿಯಾನೂ ಹೋಯಿತು. ಕಾವೇರಿ ನೀರಿನ ಕ್ಲೋರಿನ್ ಇರುವುದೇ ಬ್ಯಾಕ್ಟೀರಿಯಾ ಕೊಲ್ಲುವುದಕ್ಕೆ. ಕುಡಿಯುವ ನೀರಿನಲ್ಲಿ ನಲ್ಲಿವರೆಗೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅಂತ ನಮ್ಮ ದೇಶದ ಮಾನದಂಡವೇ ಹೇಳುತ್ತೆ. ಆ ಮಟ್ಟವೂ ಮೀನಿಗೆ ಒಳ್ಳೆಯದಲ್ಲ. ನೀಲಿ ಔಷಧಿ ಮೆಥಿಲೀನ್ ಬ್ಲೂ ಆಗಿದ್ದರೆ ಅದೂ ಈ ಬ್ಯಾಕ್ಟೀರಿಯಾಗೆ ಪೆಟ್ಟು ಕೊಡುತ್ತೆ. ಅದಕ್ಕೇ ಬೇಡ ಎಂದಿದ್ದು. ನೀರು ಬೆಳ್ಳಗಾಗಿದ್ದು ಬೇರೆ ಜಾತಿಯ ಬ್ಯಾಕ್ಟೀರಿಯಾ ಒಮ್ಮೆಲೇ ಹೆಚ್ಚಿದ್ದರಿಂದ. ಅದು ತಾನಾಗೇ ತಿಳಿಯಾಗುತ್ತೆ, ಅದಕ್ಕೆ ಪುಡಿ, ಹನಿ ಏನೂ ಬೇಕಿಲ್ಲ.

ಈಗ ಮಾಡಬೇಕಾದ್ದು: ಒಂದು ಟೆಸ್ಟ್ ಕಿಟ್ ತನ್ನಿ. ಅಮೋನಿಯ, ನೈಟ್ರೈಟ್, ಪಿಎಚ್ (ನೀರು ಹುಳಿಯೋ ಕ್ಷಾರವೋ ತೋರಿಸುವ ಅಳತೆ, 7 ನಡುಮಧ್ಯ) ಈ ಮೂರು ನೋಡುವಂಥದ್ದು. ನೀರಿನಲ್ಲಿ ಅದ್ದಿ ನೋಡುವ ಕಾಗದದ ಪಟ್ಟಿಗಿಂತ ಹನಿ ಹಾಕಿ ನೋಡುವ ಕಿಟ್ ಒಳ್ಳೆಯದು. ದುಬಾರಿ ಅನ್ನಿಸುತ್ತೆ, ಆದರೂ ತನ್ನಿ. ನೀರು ಕಣ್ಣಿಗೆ ಸ್ಫಟಿಕ ಕಂಡರೂ ಅದರಲ್ಲಿ ಅಮೋನಿಯ ಇರಬಹುದು. ಫುಡ್ ಇವತ್ತೂ ನಾಳೆಯೂ ನಿಲ್ಲಿಸಿ. ಮೀನು ಹಸಿವಿನಿಂದ ಎರಡು ದಿನಕ್ಕೆ ಸಾಯಲ್ಲ.

ಆಮೇಲೆ, ನಿಮಗೆ ಗೊತ್ತಿದ್ದವರ ಮನೆಯಲ್ಲಿ ಹಳೆಯ, ಮೀನು ಚೆನ್ನಾಗಿರುವ ಟ್ಯಾಂಕ್ ಇದ್ದರೆ ಅವರ ಫಿಲ್ಟರಿನ ಕೊಳಕು ಸ್ಪಾಂಜಿನ ಒಂದು ತುಂಡು ಕೇಳಿ ತನ್ನಿ. ಅವರ ಟ್ಯಾಂಕಿನ ನೀರಿನಲ್ಲೇ ಮುಳುಗಿಸಿ ತರಬೇಕು, ಒಣಗಬಾರದು. ನಿಮ್ಮ ಫಿಲ್ಟರಿನೊಳಗೆ ತುರುಕಿ. ಮೊಸರಿಗೆ ಹೆಪ್ಪು ಹಾಕಿದ ಹಾಗೆ ಕೆಲಸ ಮಾಡುತ್ತೆ, ವಾರಗಟ್ಟಲೆ ಕಾಯುವುದು ಎಷ್ಟೋ ಕಡಿಮೆಯಾಗುತ್ತೆ.

ಹೊಸನೀರು (ಬೆಂಗಳೂರು)

ತುಂಬಾ ಥ್ಯಾಂಕ್ಸ್ ಸರ್. ಇದನ್ನೆಲ್ಲಾ ಯಾರೂ ಹೇಳಿರಲಿಲ್ಲ. ಕಿಟ್ ತಂದು ನೋಡಿದೆ. ಅಮೋನಿಯದ ಟ್ಯೂಬು ಹಳದಿ ಇರಬೇಕಿತ್ತು, ಗಾಢ ಹಸಿರು ಬಂತು, ಚಾರ್ಟಿನಲ್ಲಿ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಪಕ್ಕಕ್ಕೆ ಹೊಂದುತ್ತೆ. ನೈಟ್ರೈಟ್ 0.25. ಪಿಎಚ್ 8.2. ಕಚೇರಿಯಲ್ಲಿ ಒಬ್ಬರ ಮನೆಯಲ್ಲಿ ಹಳೆ ಟ್ಯಾಂಕ್ ಇದೆ, ಸ್ಪಾಂಜು ಕೊಡುತ್ತೇನೆ ಎಂದಿದ್ದಾರೆ. ಅಲ್ಲಿವರೆಗೆ ಎಷ್ಟು ನೀರು ಬದಲಿಸಲಿ? ಪೂರ್ತಿ ಬದಲಿಸಿದ್ದಕ್ಕೇ ಹೀಗಾಯಿತು ಅಂತ ಈಗ ನೀರು ಮುಟ್ಟುವುದಕ್ಕೇ ಹೆದರಿಕೆ.

ಭದ್ರಾನಾಲೆ (ದಾವಣಗೆರೆ)

2 ಪಿಪಿಎಂ ಅಂದರೆ ಜಾಸ್ತಿನೇ. ಅದರಲ್ಲೂ ನಿಮ್ಮ ಪಿಎಚ್ 8 ದಾಟಿದೆ, ಇದು ಮುಖ್ಯ. ಅಮೋನಿಯ ನೀರಿನಲ್ಲಿ ಎರಡು ರೂಪದಲ್ಲಿ ಇರುತ್ತೆ. ಒಂದು ಅಮೋನಿಯಂ, ಅದರಿಂದ ಅಷ್ಟು ತೊಂದರೆ ಇಲ್ಲ. ಇನ್ನೊಂದು ಅಮೋನಿಯ, ಕೊಲ್ಲುವುದು ಇದೇ. ಪಿಎಚ್ 7 ಇರುವ ನೀರಿನಲ್ಲಿ 25 ಡಿಗ್ರಿಗೆ ವಿಷದ ರೂಪ ನೂರಕ್ಕೆ ಒಂದು ಪಾಲೂ ಇರಲ್ಲ. ಪಿಎಚ್ 8 ಆದರೆ ಹೆಚ್ಚುಕಡಿಮೆ 10 ಪಟ್ಟು ಆಗುತ್ತೆ. ಕಿಟ್ ಎರಡನ್ನೂ ಸೇರಿಸಿಯೇ ತೋರಿಸುತ್ತೆ. ಹಾಗಾಗಿ ಅದೇ 2 ಪಿಪಿಎಂ ಮಲೆನಾಡಿನ ಮೆದು ನೀರಿನಲ್ಲಿ ಒಂದು ಲೆಕ್ಕ, ನಿಮ್ಮ ಬೋರ್ ಬೆರೆತ ನೀರಿನಲ್ಲಿ ಬೇರೆಯೇ ಲೆಕ್ಕ.

ಇವತ್ತು ಅರ್ಧ ನೀರು ಬದಲಿಸಿ, ನಾಳೆ ಮತ್ತೆ ಅರ್ಧ. 2 ಇದ್ದದ್ದು 1 ಆಗುತ್ತೆ, ಮರುದಿನ ಅರ್ಧದ ಹತ್ತಿರ ಬರುತ್ತೆ. ಆಮೇಲೆ ದಿನಾ ಟೆಸ್ಟ್ ಮಾಡಿ, 0.5 ಮುಟ್ಟಿದರೆ ಕಾಲು ಭಾಗ ಬದಲಿಸಿ. ನೀರು ಬದಲಿಸುವುದರಿಂದ ಬ್ಯಾಕ್ಟೀರಿಯಾ ಹೋಗಲ್ಲ, ಅವು ಸ್ಪಾಂಜಿನಲ್ಲಿ ಇರುತ್ತವೆ. ಮೊನ್ನೆ ಕೆಟ್ಟಿದ್ದು ಸ್ಪಾಂಜು ತೊಳೆದದ್ದರಿಂದ, ಜೊತೆಗೆ ಒಮ್ಮೆಲೇ ಪೂರ್ತಿ ಬೇರೆ ನೀರು ಸಿಕ್ಕಿದ್ದರಿಂದ.

ಹೊಸ ನೀರು ಹಾಕುವ ಕ್ರಮ ಹೀಗಿರಲಿ. ಹಿಂದಿನ ದಿನವೇ ಒಂದು ದೊಡ್ಡ ಪ್ಲಾಸ್ಟಿಕ್ ಡ್ರಮ್ಮಿಗೆ ನೀರು ಹಿಡಿದಿಡಿ. ಸೋಪು, ಫಿನಾಯಿಲ್ ಮುಟ್ಟದ ಡ್ರಮ್ ಆಗಿರಬೇಕು. ಏರ್ ಪಂಪಿಗೆ ಸೇರಿಸಿ ಒಂದು ಏರ್ ಸ್ಟೋನ್ (ಗಾಳಿಗುಳ್ಳೆ ಬಿಡುವ ಕಲ್ಲು) ಬಿಟ್ಟಿಡಿ. 24 ಗಂಟೆಯಲ್ಲಿ ಕ್ಲೋರಿನ್ ಹಾರಿ ಹೋಗುತ್ತೆ. ಬೋರ್ ನೀರಿನಲ್ಲಿ ಕ್ಲೋರಿನ್ ಇರಲ್ಲ, ಆದರೆ ಭೂಮಿಯಿಂದ ಬಂದ ತಕ್ಷಣ ಅದರಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಜಾಸ್ತಿ, ಆಮ್ಲಜನಕ ಕಮ್ಮಿ, ಹಾಗಾಗಿ ಒಂದು ದಿನ ಗಾಳಿ ಆಡಿದರೆ ಪಿಎಚ್ ಒಂದು ಕಡೆ ನಿಲ್ಲುತ್ತೆ. ಅರ್ಜೆಂಟ್ ಇದ್ದರೆ ಆಂಟಿ ಕ್ಲೋರಿನ್ ಹಾಕಿ. ಅಂಗಡಿಯ ಆಂಟಿ ಕ್ಲೋರಿನ್ ಬಹುತೇಕ ಸೋಡಿಯಂ ಥಯೋಸಲ್ಫೇಟ್ ದ್ರಾವಣವೇ, ಹಿಂದೆ ಫೋಟೋ ತೊಳೆಯುವವರು ಹೈಪೋ ಅಂತ ಬಳಸುತ್ತಿದ್ದರಲ್ಲ, ಅದು. ಟ್ಯಾಂಕರ್ ನೀರು ಬಂದ ದಿನ ನೀರು ಬದಲಿಸಲೇಬೇಡಿ, ಮೊದಲು ಪಿಎಚ್ ನೋಡಿ. ಅದು ಯಾವ ಬೋರಿನದ್ದು ಅಂತ ಯಾರಿಗೂ ಗೊತ್ತಿರಲ್ಲ.

ನೈಟ್ರೈಟ್ ಇನ್ನೂ ಏರುತ್ತೆ, ಅದು ಜಾಸ್ತಿಯಾಗುವ ಮುಂಚೆಯೇ ಲೀಟರಿಗೆ 1 ಗ್ರಾಂ ಲೆಕ್ಕದಲ್ಲಿ ಕಲ್ಲುಪ್ಪು ಕರಗಿಸಿ ಹಾಕಿ. ಉಪ್ಪಿನ ಕ್ಲೋರೈಡ್ ಕಿವಿರಿನಲ್ಲಿ ನೈಟ್ರೈಟ್ ಒಳಗೆ ಹೋಗುವುದನ್ನು ತಡೆಯುತ್ತೆ. ನಿಮ್ಮದಕ್ಕೆ 50 ಗ್ರಾಂ ಸಾಕು, ಒಂದೇ ಸಲ ಅಲ್ಲ, ಎರಡು ದಿನದಲ್ಲಿ. ಮುಂದೆ 15 ಲೀಟರ್ ತೆಗೆದು 15 ಲೀಟರ್ ಹಾಕಿದರೆ ಆ 15 ಲೀಟರಿಗೆ ಮಾತ್ರ ಉಪ್ಪು ಸೇರಿಸಿ. ಆವಿಯಾಗಿ ಕಮ್ಮಿಯಾದ ನೀರು ತುಂಬುವಾಗ ಉಪ್ಪು ಬೇಡ. ಉಪ್ಪು ಆವಿಯಾಗಲ್ಲ, ಅಲ್ಲೇ ಇರುತ್ತೆ.

ಬಾವಿಕಟ್ಟೆ (ಶಿರಸಿ)

ಭದ್ರಾನಾಲೆ ಅವರು ಹೇಳಿದ್ದು ಸರಿ. ನಮ್ಮ ಕಡೆಯವರು ಯಾರಾದರೂ ಓದುತ್ತಿದ್ದರೆ ಅವರಿಗೆ ಒಂದು ಮಾತು ಸೇರಿಸುತ್ತೇನೆ, ಯಾಕೆಂದರೆ ಮಲೆನಾಡು, ಕರಾವಳಿಯ ಬಾವಿ ನೀರಿನ ಕಷ್ಟ ಬೆಂಗಳೂರಿನದ್ದಕ್ಕೆ ಪೂರ್ತಿ ಉಲ್ಟಾ.

ಇಲ್ಲಿ ಕೆಂಪು ಜಂಬಿಟ್ಟಿಗೆ ನೆಲ, ಮಳೆ ಜಾಸ್ತಿ. ನೀರಿನಲ್ಲಿ ಸುಣ್ಣದ ಅಂಶವೇ ಇರಲ್ಲ. ಪಿಎಚ್ 6ರ ಆಸುಪಾಸು. ನಿಯಾನ್ ಟೆಟ್ರಾಗೆ ಇದು ಹಬ್ಬ, ಅದರ ಊರಾದ ಅಮೆಜಾನ್ ಕಡೆಯ ನೀರು ಮೆದುವೇ. ಆದರೆ ಗಪ್ಪಿ, ಮೋಲಿ, ಪ್ಲಾಟಿ ಇದರಲ್ಲಿ ಸೊರಗುತ್ತವೆ. ತಂದವರೆಲ್ಲಾ ನಮ್ಮ ಬಾವಿ ನೀರು ಎಷ್ಟು ಶುದ್ಧ, ಆದರೂ ಯಾಕೆ ಸಾಯುತ್ತೆ ಅಂತ ಕೇಳುತ್ತಾರೆ. ಶುದ್ಧ ಇರುವುದೇ ತೊಂದರೆ. ಆ ಬ್ಯಾಕ್ಟೀರಿಯಾ ಅಮೋನಿಯ ತಿನ್ನುವಾಗ ನೀರಿನ ಕ್ಷಾರವನ್ನೂ ಖರ್ಚು ಮಾಡುತ್ತವೆ. ನಮ್ಮ ನೀರಿನಲ್ಲಿ ಇರುವುದೇ ಚೂರು. ಅದು ಮುಗಿದ ಮೇಲೆ ಪಿಎಚ್ ಇಳಿಯುತ್ತಾ ಹೋಗುತ್ತೆ, 6ಕ್ಕಿಂತ ಕೆಳಗೆ ಹೋದರೆ ಬ್ಯಾಕ್ಟೀರಿಯಾ ಕೆಲಸ ಹೆಚ್ಚುಕಮ್ಮಿ ನಿಂತೇ ಹೋಗುತ್ತೆ.

ಇಲ್ಲಿ ಇನ್ನೊಂದು ಅಪಾಯ ಇದೆ, ಇದನ್ನು ಗಮನವಿಟ್ಟು ಓದಿ. ಪಿಎಚ್ ಕಡಿಮೆ ಇರುವಾಗ ಅಮೋನಿಯ ಕೂಡಿಕೊಂಡರೂ ಅದು ಅಮೋನಿಯಂ ರೂಪದಲ್ಲಿ ಇರುತ್ತೆ, ಮೀನು ಹೇಗೋ ತಡೆದುಕೊಂಡು ಇರುತ್ತವೆ. ತಿಂಗಳುಗಟ್ಟಲೆ ನೀರು ಬದಲಿಸದ ಟ್ಯಾಂಕಿಗೆ ಯಾರೋ ಪಾಪ ಒಳ್ಳೆಯದಾಗಲಿ ಅಂತ ಒಂದೇ ಸಲ ಮುಕ್ಕಾಲು ಭಾಗ ಗಡಸು ನೀರು ತುಂಬುತ್ತಾರೆ. ಪಿಎಚ್ ಸರ್ರನೆ ಏರುತ್ತೆ, ಕೂಡಿಟ್ಟ ಅಮೋನಿಯಂನಲ್ಲಿ ಒಂದು ಪಾಲು ವಿಷ ಆಗಿಬಿಡುತ್ತೆ. ಸಂಜೆಯೊಳಗೆ ಎಲ್ಲಾ ಮೀನು ಮಲಗುತ್ತವೆ. ಹಳೆ ಟ್ಯಾಂಕ್ ಸರಿ ಮಾಡುವವರು ದಿನಕ್ಕೆ ಹತ್ತು ಪರ್ಸೆಂಟ್ ಬದಲಿಸುತ್ತಾ ನಿಧಾನಕ್ಕೆ ಹೋಗಿ.

ಮೆದು ನೀರಿಗೆ ನಾನು ಮಾಡುವುದು ಸರಳ. ಬಳಚಿನ ಚಿಪ್ಪು (ಕಪ್ಪೆಚಿಪ್ಪು) ಇಲ್ಲಿ ಸುಲಭವಾಗಿ ಸಿಗುತ್ತೆ. ಮಾಂಸದ ಚೂರೂ ಇಲ್ಲದ ಹಾಗೆ ಉಜ್ಜಿ, ಕುದಿಸಿ, ಬಿಸಿಲಲ್ಲಿ ಒಣಗಿಸಿ, ಒಡೆದು, ಒಂದು ಮುಷ್ಟಿಯಷ್ಟು ಸೊಳ್ಳೆಪರದೆ ಬಟ್ಟೆಯಲ್ಲಿ ಕಟ್ಟಿ ಫಿಲ್ಟರಿನ ನೀರು ಹರಿಯುವ ಜಾಗದಲ್ಲಿ ಇಡುತ್ತೇನೆ. ಚಿಪ್ಪು ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ನೀರು ಹುಳಿಯಾದಷ್ಟೂ ಅದು ಕರಗುತ್ತೆ, ಪಿಎಚ್ ಏರಿದರೆ ಕರಗುವುದು ತಾನೇ ನಿಧಾನವಾಗುತ್ತೆ. ಬಾಟಲಿಯಲ್ಲಿ ಸಿಗುವ ಪಿಎಚ್ ಅಪ್, ಪಿಎಚ್ ಡೌನ್ ಮುಟ್ಟಬೇಡಿ. ಅವು ಇವತ್ತು ಏರಿಸಿ ನಾಳೆ ಬೀಳಿಸುತ್ತವೆ, ಮೀನಿಗೆ ಆ ಏರಿಳಿತವೇ ಹೆಚ್ಚು ಕೆಟ್ಟದ್ದು.

ಬಿಸಿಲುನಾಡು (ಕಲಬುರಗಿ)

ಮೀನು ಸಾಕುವವರು ಸಾಮಾನ್ಯವಾಗಿ ನೀರು ಬಿಸಿ ಮಾಡುವ ಹೀಟರ್ ಬಗ್ಗೆ ಬರೆಯುತ್ತಾರೆ, ಆದರೆ ನಮ್ಮ ಕಡೆ ಏಪ್ರಿಲ್ ಮೇನಲ್ಲಿ ಹೊರಗೆ 40 ದಾಟಿರುತ್ತೆ. ಮನೆಯೊಳಗಿನ ಟ್ಯಾಂಕೇ 32, 33ಕ್ಕೆ ಹೋಗುತ್ತೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತೆ, ಮೀನಿಗೆ ಮಾತ್ರ ಆಗಲೇ ಹೆಚ್ಚು ಬೇಕು. ಮುಚ್ಚಳ ತೆಗೆದು ಜಾಳಿಗೆ ಹಾಕಿ, ಒಂದು ಚಿಕ್ಕ ಟೇಬಲ್ ಫ್ಯಾನ್ ನೀರಿನ ಮೇಲ್ಮೈಗೆ ಬೀಸುವ ಹಾಗೆ ಇಡಿ. ಆವಿಯಾಗುತ್ತಾ ನೀರು 2, 3 ಡಿಗ್ರಿ ಇಳಿಯುತ್ತೆ. ಏರ್ ಪಂಪ್ ರಾತ್ರಿಯೆಲ್ಲಾ ಓಡಲಿ. ಐಸ್ ತುಂಡು ಹಾಕುವವರಿದ್ದಾರೆ, ಬೇಡ. ಆವಿಯಾದ ನೀರಿಗೆ ಬದಲು ಮತ್ತೆ ಮತ್ತೆ ಬೋರ್ ನೀರು ತುಂಬಿದರೆ ಗಡಸುತನ ದಿನಾ ಏರುತ್ತೆ, ಹಾಗಾಗಿ ತುಂಬುವುದಕ್ಕೆ ಆರ್‌ಒ ನೀರು ಬಳಸಿ. ಹಾಗಂತ ಪೂರ್ತಿ ಟ್ಯಾಂಕಿಗೆ ಬರೀ ಆರ್‌ಒ ನೀರು ತುಂಬಬೇಡಿ, ಅದರಲ್ಲಿ ಲವಣಗಳೇ ಇರಲ್ಲ.

ಮೋಲಿಮನೆ (ಹುಬ್ಬಳ್ಳಿ)

ಮಧ್ಯದಲ್ಲಿ ಕೇಳುತ್ತಿದ್ದೇನೆ, ಕ್ಷಮಿಸಿ. ನನ್ನ ಟ್ಯಾಂಕ್ ಹಳೆಯದು, ಅಮೋನಿಯ ಸೊನ್ನೆ. ಕಳೆದ ವಾರ ಹೊಸ ಮೋಲಿ ತಂದು ಬಿಟ್ಟೆ. ಈಗ ಎಲ್ಲದರ ರೆಕ್ಕೆ ಮೇಲೂ ಸಾಸಿವೆಗಿಂತ ಚಿಕ್ಕ ಬಿಳಿ ಚುಕ್ಕೆ. ಕಲ್ಲಿಗೆ ಮೈ ಉಜ್ಜುತ್ತವೆ. ಇದಕ್ಕಾದರೂ ಔಷಧಿ ಬೇಕಲ್ವಾ?

ತೊಟ್ಟಿಮನೆ (ಮೈಸೂರು)

ಮೋಲಿಮನೆ ಅವರೇ, ಅದು ಬಿಳಿ ಚುಕ್ಕೆ ರೋಗ, ಅಂಗಡಿಯಲ್ಲಿ ಇಕ್ ಅಂತಾರೆ. ಇದು ನಿಜವಾದ ರೋಗ, ಪರಾವಲಂಬಿ ಜೀವಿಯಿಂದ ಬರುವುದು. ಹೊಸ ಮೀನಿನ ಜೊತೆ ಬಂದಿದೆ.

ಇದರ ಬದುಕು ಮೂರು ಹಂತ. ಚುಕ್ಕೆಯಾಗಿ ಕಾಣುವುದು ಮೀನಿನ ಚರ್ಮದೊಳಗೆ ಕೂತು ತಿನ್ನುವ ಹಂತ. ಅಲ್ಲಿ ಯಾವ ಔಷಧಿಯೂ ಮುಟ್ಟಲ್ಲ. ಬಲಿತ ಮೇಲೆ ಮೀನನ್ನು ಬಿಟ್ಟು ತಳಕ್ಕೆ ಬಿದ್ದು, ಗೂಡು ಕಟ್ಟಿಕೊಂಡು ಒಳಗೇ ನೂರಾರು ಮರಿಯಾಗಿ ಒಡೆಯುತ್ತೆ. ಆಗಲೂ ಔಷಧಿ ನಾಟಲ್ಲ. ಗೂಡಿನಿಂದ ಹೊರಬಂದು ಇನ್ನೊಂದು ಮೀನು ಹುಡುಕುತ್ತಾ ಈಜುವಾಗ ಮಾತ್ರ ಸಾಯುತ್ತೆ. ಚುಕ್ಕೆ ಮಾಯವಾಯಿತು ಅಂತ ಔಷಧಿ ನಿಲ್ಲಿಸುತ್ತಾರಲ್ಲ, ಅವರಿಗೆ ಮತ್ತೆ ಬರುವುದು ಇದಕ್ಕೇ. ಮೀನಿನಿಂದ ಉದುರಿದ್ದೆಲ್ಲಾ ತಳದಲ್ಲಿ ಮರಿ ಮಾಡುತ್ತಾ ಇರುತ್ತೆ.

ನಿಮ್ಮದು ಮೋಲಿ, ಉಪ್ಪು ಚೆನ್ನಾಗಿ ತಡೆಯುತ್ತೆ. ಲೀಟರಿಗೆ 2ರಿಂದ 3 ಗ್ರಾಂ ಕಲ್ಲುಪ್ಪು, ಎರಡು ದಿನದಲ್ಲಿ ಹಂತ ಹಂತವಾಗಿ. ಹೀಟರ್ ಇದ್ದರೆ ದಿನಕ್ಕೆ ಒಂದೆರಡು ಡಿಗ್ರಿಯಂತೆ ಏರಿಸುತ್ತಾ 29, 30ಕ್ಕೆ ತನ್ನಿ. ಬಿಸಿಯಾದಷ್ಟೂ ಆ ಜೀವಿಯ ಸುತ್ತು ಬೇಗ ಮುಗಿಯುತ್ತೆ, ಈಜುವ ಹಂತಕ್ಕೆ ಬೇಗ ಬಂದು ಉಪ್ಪಿಗೆ ಸಿಗುತ್ತೆ. ತಣ್ಣಗಿದ್ದರೆ ವಾರಗಟ್ಟಲೆ ಎಳೆಯುತ್ತೆ. ಏರ್ ಪಂಪ್ ಜೋರಾಗಿ ಇಡಿ. ದಿನಾ ಪೈಪು ಹಾಕಿ ತಳದ ಕೊಳೆ ಎಳೆಯಿರಿ, ಗೂಡುಗಳೂ ಅದರ ಜೊತೆ ಹೋಗುತ್ತವೆ. ಚುಕ್ಕೆ ಹೋದ ಮೇಲೂ ಇನ್ನೊಂದು 10 ದಿನ ಹೀಗೇ ಮುಂದುವರಿಸಿ. ಕೋರಿ, ಲೋಚ್ ಥರದ ಉಪ್ಪು ಹೆಚ್ಚು ತಡೆಯದ ತಳದ ಮೀನು ಅಥವಾ ಗಿಡ ಇದ್ದರೆ ಇಷ್ಟು ಉಪ್ಪು ಬೇಡ, ಅದಕ್ಕೆ ಬೇರೆ ದಾರಿ ನೋಡೋಣ, ಹೇಳಿ. ಫಿಲ್ಟರಿನಲ್ಲಿ ಇದ್ದಿಲು ಇದ್ದು ಅಂಗಡಿ ಔಷಧಿ ಹಾಕುವುದಾದರೆ ಇದ್ದಿಲು ತೆಗೆದಿಡಿ, ಇಲ್ಲದಿದ್ದರೆ ಔಷಧಿಯನ್ನೆಲ್ಲಾ ಅದೇ ಹೀರಿಕೊಳ್ಳುತ್ತೆ.

ಈಗ ಹೊಸನೀರು ಅವರಿಗೆ. ನೀರು ಸರಿಯಾದ ಮೇಲೂ ಈ ಮೀನುಗಳನ್ನೆಲ್ಲಾ ಒಟ್ಟಿಗೆ ಇಡುವುದಕ್ಕೆ ಆಗಲ್ಲ. ನಿಷ್ಠುರವಾಗಿ ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಗೋಲ್ಡ್‌ಫಿಶ್ ತಂಪು ನೀರಿನ ಮೀನು, 18ರಿಂದ 24 ಡಿಗ್ರಿ ಅದಕ್ಕೆ ಹಿತ. ನೀವು ತಂದಿದ್ದು ಎರಡಿಂಚು ಇರಬಹುದು, ಚೆನ್ನಾಗಿ ಸಾಕಿದರೆ ಅಂಗೈ ಮೀರಿ ಬೆಳೆಯುತ್ತೆ. ತಿನ್ನುವುದೂ ಜಾಸ್ತಿ, ಗಲೀಜೂ ಜಾಸ್ತಿ. ನಿಮ್ಮ ಟ್ಯಾಂಕಿನ ಅಮೋನಿಯದಲ್ಲಿ ದೊಡ್ಡ ಪಾಲು ಅವೆರಡರದ್ದೇ. ದೊಡ್ಡ ತೊಟ್ಟಿ ಇರುವವರಿಗೆ ಕೊಡಿ. ದುಂಡನೆ ಗಾಜಿನ ಬೌಲಿನಲ್ಲಿ ಗೋಲ್ಡ್‌ಫಿಶ್ ಇಟ್ಟು ಮಾರುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತೆ. ವರ್ಷಗಟ್ಟಲೆ ಬದುಕಬೇಕಾದ ಮೀನು ಅದು.

ನಿಯಾನ್ ನಿಮ್ಮ ಗಡಸು ನೀರಿಗೆ ಹೊಂದಲ್ಲ. ಗಪ್ಪಿ ಹೊಂದುತ್ತೆ. ಬೋರ್ ನೀರಿನ ಮನೆಗೆ ಗಪ್ಪಿ, ಮೋಲಿ, ಪ್ಲಾಟಿ ಇವೇ ಸರಿ. ಗಪ್ಪಿಯಲ್ಲಿ ಗಂಡು ಮಾತ್ರ ತನ್ನಿ, ಇಲ್ಲದಿದ್ದರೆ ತಿಂಗಳಿಗೊಮ್ಮೆ ಮರಿ. ಹೆಣ್ಣು ಒಂದು ಸಲ ಕೂಡಿದರೆ ಸಾಕು, ವೀರ್ಯ ಉಳಿಸಿಕೊಂಡು ಗಂಡಿಲ್ಲದೆಯೂ ಹಲವು ಸಲ ಮರಿ ಹಾಕುತ್ತೆ. ಓಡಾಡುವ ಮೀನು ಬೇಕಿದ್ದರೆ ಜೀಬ್ರಾ ಡೇನಿಯೋ ಒಂದು ಆರು ತನ್ನಿ. ನಮ್ಮ ದೇಶದ್ದೇ ಮೀನು, ಗಟ್ಟಿಮುಟ್ಟು, ತಂಪಿಗೂ ಹೆದರಲ್ಲ. ಡೆನಿಸನ್ ಬಾರ್ಬ್ ಅಂತ ಕೆಂಪು ಗೆರೆಯ ಮೀನು ತೋರಿಸುತ್ತಾರೆ, ಮಿಸ್ ಕೇರಳ ಅಂತಲೂ ಹೆಸರು. ಪಶ್ಚಿಮ ಘಟ್ಟದ ಹೊಳೆಗಳ ಮೀನು, ಕೇರಳದಲ್ಲಿ, ನಮ್ಮ ದಕ್ಷಿಣದ ಕಡೆಯ ಹೊಳೆಗಳಲ್ಲಿ ಇದೆ. ನೋಡಲು ಬಹಳ ಚೆಂದ. ಆದರೆ ಹಿಡಿದು ಹಿಡಿದು ಈಗ ಅಳಿವಿನ ಅಂಚಿನ ಪಟ್ಟಿಯಲ್ಲಿದೆ, ಆರಿಂಚು ಬೆಳೆಯುತ್ತೆ, ಹರಿಯುವ ನೀರು ಬೇಕು. ಎರಡಡಿ ಟ್ಯಾಂಕಿಗೆ ತರಲೇಬೇಡಿ.

ಫುಡ್ ವಿಷಯದಲ್ಲಿ ಮನೆಯವರೆಲ್ಲಾ ಒಂದು ಒಪ್ಪಂದಕ್ಕೆ ಬನ್ನಿ. ಬೆಳಗ್ಗೆ ಒಬ್ಬರು, ಸ್ಕೂಲಿಂದ ಬಂದ ಮೇಲೆ ಮಗಳು, ಸಂಜೆ ಅಜ್ಜಿ, ಹೀಗೆ ಎಲ್ಲರೂ ಪ್ರೀತಿಯಿಂದ ಒಂದೊಂದು ಚಿಟಿಕೆ ಹಾಕಿದರೆ ಮುಗಿಯಿತು. ಎರಡು ನಿಮಿಷದಲ್ಲಿ ಪೂರ್ತಿ ತಿಂದು ಮುಗಿಸುವಷ್ಟು, ದಿನಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು. ವಾರದಲ್ಲಿ ಒಂದು ದಿನ ಉಪವಾಸ. ಮೀನು ಯಾವಾಗಲೂ ಗಾಜಿನ ಹತ್ತಿರ ಬಂದು ಕುಣಿಯುತ್ತೆ, ಅದು ಹಸಿವಲ್ಲ.

ಬೆಂಗಳೂರು, ಮೈಸೂರಿನಲ್ಲಿ ಡಿಸೆಂಬರ್, ಜನವರಿಯ ರಾತ್ರಿ ಟ್ಯಾಂಕಿನ ನೀರು 20, 21ಕ್ಕೆ ಇಳಿಯುತ್ತೆ. ಗಪ್ಪಿಗೆ 24ರಿಂದ 27 ಇದ್ದರೆ ಒಳ್ಳೆಯದು. ನಿಮ್ಮ ಟ್ಯಾಂಕಿಗೆ 50 ವ್ಯಾಟಿನ ಹೀಟರ್ ಸಾಕು. ನೀರು ಬದಲಿಸುವ ಮುಂಚೆ ಹೀಟರ್ ಪ್ಲಗ್ ತೆಗೆದು ಸ್ವಲ್ಪ ಹೊತ್ತು ಬಿಡಿ. ಬಿಸಿ ಹೀಟರ್ ನೀರಿನಿಂದ ಹೊರಗೆ ಬಂದು ಮತ್ತೆ ನೀರು ತಾಕಿದರೆ ಗಾಜು ಬಿರಿಯುತ್ತೆ. ಕರೆಂಟಿನ ವಿಷಯ, ಕೈ ಹಾಕುವ ಮುಂಚೆ ಎಲ್ಲಾ ಸ್ವಿಚ್ ಆಫ್ ಇರಲಿ.

ಕರೆಂಟ್ ಹೋದಾಗ ಬ್ಯಾಟರಿಯ ಚಿಕ್ಕ ಏರ್ ಪಂಪ್ ಇದ್ದರೆ ಬಚಾವ್. ಇಲ್ಲದಿದ್ದರೆ ಒಂದು ಮಗ್ಗಿನಲ್ಲಿ ಟ್ಯಾಂಕಿನ ನೀರನ್ನೇ ಎತ್ತಿ ಎತ್ತರದಿಂದ ಸುರಿಯಿರಿ. ಇಡೀ ದಿನ ಫಿಲ್ಟರ್ ನಿಂತಿದ್ದರೆ ಅದನ್ನು ಹಾಗೇ ಆನ್ ಮಾಡಬೇಡಿ. ಬಿಚ್ಚಿ ಮೂಸಿ ನೋಡಿ. ಕೆಟ್ಟ ವಾಸನೆ ಬಂದರೆ ಟ್ಯಾಂಕಿನಿಂದ ತೆಗೆದ ನೀರಿನಲ್ಲಿ ಜಾಲಿಸಿ ಹಾಕಿ. ಯಾವಾಗ ಸ್ಪಾಂಜು ತೊಳೆದರೂ ಹಾಗೇ, ತೆಗೆದ ನೀರಿನ ಬಕೆಟ್ಟಿನಲ್ಲಿ ನಾಲ್ಕು ಸಲ ಹಿಂಡಿದರೆ ಆಯಿತು. ಬೆಳ್ಳಗೆ ಹೊಳೆಯಬೇಕಾಗಿಲ್ಲ.

ಹೊಸನೀರು (ಬೆಂಗಳೂರು)

ತೊಟ್ಟಿಮನೆ ಅಕ್ಕ, ಭದ್ರಾನಾಲೆ ಸರ್, ಎಲ್ಲರಿಗೂ ಧನ್ಯವಾದ. ಸ್ಪಾಂಜು ಸಿಕ್ಕಿತು, ಹಾಕಿದ್ದೇನೆ. ಅಮೋನಿಯ ಈಗ 0.25, ನೀರು ತಿಳಿಯಾಗಿದೆ. ಗಪ್ಪಿ ನಾಲ್ಕೂ ಬಾಲ ಬಿಚ್ಚಿಕೊಂಡು ಓಡಾಡುತ್ತಿವೆ. ನಿಯಾನ್ ಒಂದೂ ಉಳಿಯಲಿಲ್ಲ. ಗೋಲ್ಡ್‌ಫಿಶ್ ನಮ್ಮ ಭಾವನ ಮನೆಯ ಸಿಮೆಂಟ್ ತೊಟ್ಟಿಗೆ ಹೋದವು. ಸಕ್ಕರ್ ಏನು ಮಾಡಲಿ? ಹಿಕ್ಕೆ ತಿಂದು ಕ್ಲೀನ್ ಇಡುತ್ತೆ, ಇರಲಿ ಅಂತಾರೆ. ಪಕ್ಕದವರು ಕೆರೆಗೆ ಬಿಟ್ಟುಬಿಡಿ ಎಂದರು.

ಭದ್ರಾನಾಲೆ (ದಾವಣಗೆರೆ)

ಕೆರೆಗೆ ಖಂಡಿತ ಬಿಡಬೇಡಿ ಸರ್, ಕೈ ಮುಗಿದು ಕೇಳುತ್ತೇನೆ. ಅದು ದಕ್ಷಿಣ ಅಮೆರಿಕದ ಮೀನು. ಹೀಗೆ ಬಿಟ್ಟು ಬಿಟ್ಟೇ ನಮ್ಮ ದೇಶದ ಎಷ್ಟೋ ಕೆರೆ, ನದಿಗಳಲ್ಲಿ ತುಂಬಿಕೊಂಡಿದೆ. ಮೈಮೇಲೆ ಗಟ್ಟಿ ಚಿಪ್ಪು, ಮುಳ್ಳು, ಅದನ್ನು ತಿನ್ನುವವರು ಕಮ್ಮಿ. ದಡದಲ್ಲಿ ಬಿಲ ತೋಡುತ್ತೆ, ಮೀನುಗಾರರ ಬಲೆ ಹರಿಯುತ್ತೆ. ಗಪ್ಪಿ, ಗೋಲ್ಡ್‌ಫಿಶ್ ಯಾವುದನ್ನೂ ಕೆರೆಗೆ ಬಿಡಬಾರದು.

ಹಿಕ್ಕೆ ತಿನ್ನುತ್ತೆ ಅನ್ನುವುದು ಸುಳ್ಳು. ಪಾಚಿ ತಿನ್ನುತ್ತೆ, ಪಾಚಿ ಮುಗಿದರೆ ಫುಡ್ಡಿಗೆ ಬರುತ್ತೆ. ಅದೇ ಬೇಕಾದಷ್ಟು ಹಿಕ್ಕೆ ಹಾಕುತ್ತೆ. ಒಂದಡಿ ದಾಟಿ ಬೆಳೆಯುವ ಮೀನು, ನಿಮ್ಮ ಟ್ಯಾಂಕಿನ ಅಗಲವೇ ಒಂದಡಿ. ಅಂಗಡಿಯವರು ವಾಪಸ್ ತಗೊಳ್ಳುತ್ತಾರಾ ಕೇಳಿ, ದುಡ್ಡು ಕೊಡದಿದ್ದರೂ ಪರವಾಗಿಲ್ಲ. ಅಥವಾ ಇಲ್ಲೇ ದೊಡ್ಡ ಟ್ಯಾಂಕ್ ಇರುವವರು ಯಾರಾದರೂ ಬೇಕು ಅನ್ನಬಹುದು. ಗಾಜಿನ ಪಾಚಿಗೆ ಹಳೆ ಎಟಿಎಂ ಕಾರ್ಡಿನಲ್ಲಿ ಕೆರೆದರೆ ಸಾಕು.

ಅಮೋನಿಯ, ನೈಟ್ರೈಟ್ ಎರಡೂ ಒಂದು ವಾರ ಪೂರ್ತಿ ಸೊನ್ನೆ ತೋರಿಸುವವರೆಗೆ ಹೊಸ ಮೀನು ತರಬೇಡಿ. ಆಮೇಲೂ ಒಂದು ಸಲಕ್ಕೆ ಎರಡು ಮೂರು ಮಾತ್ರ. ತಂದ ದಿನ ಚೀಲವನ್ನು 20 ನಿಮಿಷ ಟ್ಯಾಂಕಿನಲ್ಲಿ ತೇಲಲು ಬಿಡಿ, ಬಾಯಿ ಬಿಚ್ಚಿ ಹತ್ತು ನಿಮಿಷಕ್ಕೊಮ್ಮೆ ಒಂದು ಲೋಟ ನಿಮ್ಮ ನೀರು ಸೇರಿಸುತ್ತಾ ಹೋಗಿ. ಆಮೇಲೆ ಮೀನನ್ನು ಮಾತ್ರ ಬಲೆಯಲ್ಲಿ ಎತ್ತಿ ಬಿಡಿ. ಚೀಲದ ನೀರನ್ನು ಸಿಂಕಿಗೆ ಸುರಿಯಿರಿ, ಟ್ಯಾಂಕಿಗಲ್ಲ. ಮನೆಯಲ್ಲಿ ಇನ್ನೊಂದು ಚಿಕ್ಕ ಡಬ್ಬಿ, ಒಂದು ಸ್ಪಾಂಜ್ ಫಿಲ್ಟರ್ ಇದ್ದರೆ ಮೊದಲ ಎರಡು ವಾರ ಅವುಗಳನ್ನು ಅಲ್ಲೇ ಇಟ್ಟು ನೋಡಿ. ಮೋಲಿಮನೆ ಅವರ ಟ್ಯಾಂಕಿಗೆ ಬಂದ ಥರದ ರೋಗ ಆಗಲೇ ಕಾಣಿಸಿಕೊಳ್ಳುತ್ತೆ. ಆ ಸ್ಪಾಂಜ್ ಫಿಲ್ಟರನ್ನು ಈಗಿನಿಂದಲೇ ನಿಮ್ಮ ಟ್ಯಾಂಕಿನಲ್ಲಿ ಓಡಲು ಬಿಟ್ಟಿರಿ, ಬೇಕಾದಾಗ ಎತ್ತಿ ಡಬ್ಬಿಗೆ ಹಾಕಬಹುದು.